ಉಪ್ಪಾಗೆಯ ಸತ್ವ

ನಮ್ಮ ವೈನಿ ಮಾತಿಲ್ಲದೆ ಕೂತ ಸಂಜೆ ನನ್ನ ನೆನಪಿನಲ್ಲಿ ಇರುವುದು ಒಂದೇ. ಗಣೇಶಗುಡಿಯಿಂದ ದಾಂಡೇಲಿಗೆ ವಾಪಸು ಬರುತ್ತಿದ್ದ ಬಾಡಿಗೆ ಜೀಪು. ಕಾಳಿ ನದಿಯಲ್ಲಿ ರಾಫ್ಟಿಂಗ್ ಮುಗಿಸಿ, ತೊಪ್ಪನೆ ತೊಯ್ದು, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದ ಹಾಗೆ ಕಿರುಚುತ್ತಿದ್ದ ನಾವೆಲ್ಲ. ನಡುವಿನ ಸೀಟಿನಲ್ಲಿ ವೈನಿ. ತೊಡೆಯ ಮೇಲೆ ನಮ್ಮೆಲ್ಲರ ಮೊಬೈಲು, ಕನ್ನಡಕ, ಚಪ್ಪಲಿ ತುಂಬಿದ ಚೀಲ. ನೀರಿಗಿಳಿಯಲೆಂದೇ ಅವರು ಹೊಲಿಸಿಕೊಂಡಿದ್ದ ಹಸಿರು ಚೂಡಿದಾರದ ಇಸ್ತ್ರಿ ಕೂಡ ಮುರಿದಿರಲಿಲ್ಲ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಅವರ ಮನೆಯ ಹಿಂದಿನ ಓಣಿಯಲ್ಲೇ ಇದ್ದೇನೆ. ವೈನಿ ಧಾರವಾಡದ ಕಡೆಯ ಎರೆ ಭೂಮಿಯ ಊರಿನವರು. ಮದುವೆಯಾಗಿ ದಾಂಡೇಲಿಗೆ ಬಂದಾಗ, ಇಷ್ಟು ನೀರು ಯಾರನ್ನೂ ಕೇಳದೆ ತನ್ನಷ್ಟಕ್ಕೆ ಹರಿದು ಹೋಗುತ್ತದಲ್ಲ ಎಂದು ಸೇತುವೆಯ ಮೇಲೆ ನಿಂತು ಬಾಯಿ ತೆರೆದವರು. ಆಮೇಲೆ ಎಷ್ಟೋ ವರ್ಷ ಅದನ್ನು ಸೇತುವೆಯಿಂದ ನೋಡಿದರು, ಬಸ್ಸಿನ ಕಿಟಕಿಯಿಂದ ನೋಡಿದರು, ಒಮ್ಮೆಯೂ ಇಳಿಯಲಿಲ್ಲ. ಇಳಿಯೋಣ ಎಂದು ಎಲ್ಲರನ್ನೂ ಹೊರಡಿಸಿಕೊಂಡು ಹೋದದ್ದೂ ಅವರೇ.

ದಡದಲ್ಲಿ ಲೈಫ್ ಜಾಕೆಟ್ ಹಂಚುತ್ತಿದ್ದವನು ವೈನಿಯ ಮುಂದೆ ಬಂದು ಬಕಲ್ ಹಾಕಲು ನೋಡಿದ. ಎಳೆದ, ಉಸಿರು ಬಿಗಿ ಹಿಡಿಯಿರಿ ಎಂದ, ಮತ್ತೆ ಎಳೆದ. ಬಕಲಿನ ಎರಡು ತುದಿಗಳು ಮಾತು ಬಿಟ್ಟ ದಾಯಾದಿಗಳ ಹಾಗೆ ದೂರದಲ್ಲೇ ನಿಂತವು.

"ಅಕ್ಕಾರ, ಇದಕ್ಕಿಂತ ದೊಡ್ಡದು ಇಲ್ರಿ. ಬಕಲ್ ಹತ್ತಲಿಲ್ಲ ಅಂದ್ರ ಬೋಟ್ ಹತ್ಸೂದಿಲ್ರಿ" ಎಂದ, ನಾಚಿಕೊಂಡೇ.

ವೈನಿ ಜೋರಾಗಿ ನಕ್ಕರು. "ಇರ್ಲಿ ಬಿಡಪಾ, ಇವರ ಚಪ್ಪಲಿ ಕಾಯಾಕೂ ಒಬ್ಬರು ಬೇಕಲ್ಲ" ಎಂದರು. ನಾವೂ ನಕ್ಕೆವು, ಬೋಟು ಹತ್ತಿ ಹೋದೆವು. ವೈನಿಯ ನಗು ಎಷ್ಟು ಸುಳ್ಳಿನದೆಂದು ತಿಳಿದದ್ದು ವಾಪಸು ಬರುವಾಗ ಜೀಪಿನಲ್ಲಿ. ಮನೆಯ ಮುಂದೆ ಇಳಿದು ಚೀಲವನ್ನು ಅಣ್ಣನ ಕೈಗೆ ಕೊಡುತ್ತಾ ವೈನಿ ಅಂದದ್ದು ಇಷ್ಟೇ: "ಮಳಿ ಹಿಡಿಯೂದ್ರಾಗ ನಾನೂ ಆ ಹೊಳ್ಯಾಗ ಇಳೀತೇನಿ."

ಮಳೆ ಹಿಡಿದರೆ ರಾಫ್ಟಿಂಗ್ ಬಂದ್. ಆಗಿನ್ನೂ ಶಿವರಾತ್ರಿಯ ಆಸುಪಾಸು.

ಮರುವಾರ ಮೊಬೈಲು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅದರಲ್ಲೊಂದು ಜಾಹೀರಾತು. ಹಸಿರು ಮಾತ್ರೆಯ ಡಬ್ಬಿ, ಪಕ್ಕದಲ್ಲಿ ಟೇಪು ಸುತ್ತಿಕೊಂಡ ತೆಳ್ಳನೆಯ ಹೆಣ್ಣುಮಗಳು, ಅವಳ ಕಾಲ ಬಳಿ ಪುಟ್ಟ ಕುಂಬಳಕಾಯಿಯಂಥ ಹಣ್ಣು. ಪಥ್ಯವಿಲ್ಲ, ವ್ಯಾಯಾಮವಿಲ್ಲ, ಈ ಅಪರೂಪದ ಹಣ್ಣಿನ ಸತ್ವವೊಂದೇ ಸಾಕು, ಬೊಜ್ಜು ಬೆಣ್ಣೆಯಂತೆ ಕರಗುತ್ತದೆ ಎಂದು ಬರೆದಿತ್ತು. ನಾನು ಚಿತ್ರವನ್ನು ಹಿಗ್ಗಿಸಿ ನೋಡಿದೆ. ಅಪರೂಪದ ಹಣ್ಣಂತೆ! ನಮ್ಮ ಉಪ್ಪಾಗೆ! ಜೋಯಿಡಾ ಕಾಡಿನಲ್ಲಿ ಬಿದ್ದು, ಅದರ ಸಿಪ್ಪೆಯನ್ನು ಜನ ಅಟ್ಟದ ಮೇಲೆ ಹೊಗೆಯಲ್ಲಿ ಒಣಗಿಸಿ, ಕಪ್ಪಗಾದ ಮೇಲೆ ಮೀನು ಸಾರಿಗೆ ಹುಳಿಯಾಗಿ ಹಾಕುವ ಉಪ್ಪಾಗೆ.

"ನೀವು ಅಕ್ಕೋರು ಇದ್ದೀರಿ, ಓದಿ ಹೇಳ್ರಿ. ಇದು ಖರೇನೋ ಸುಳ್ಳೋ?" ಎಂದರು ವೈನಿ. ಪ್ರೀತಿ ಬಂದಾಗ ನನಗೆ ಏಕವಚನ, ಕಾಲೆಳೆಯುವಾಗ ಅಕ್ಕೋರು, ಅಂದರೆ ಟೀಚರಮ್ಮ.

ನನಗೋ ಇಂಥ ಪ್ರಶ್ನೆ ಕೇಳಿದರೆ ಮೈಯೆಲ್ಲ ಉತ್ಸಾಹ. ಶಾಲೆಯಲ್ಲಿ ಮಕ್ಕಳು ಕೇಳುವುದು ಇದು ಪರೀಕ್ಷೆಗೆ ಬರ್ತೈತೇನ್ರಿ ಎಂಬುದೊಂದನ್ನೇ. ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆಗಳ ಕಟ್ಟಿನ ಮೇಲೆ ಮೊಣಕೈ ಊರಿ, ಸಿಕ್ಕ ಸಂಶೋಧನೆಗಳನ್ನೆಲ್ಲ ಓದಿದೆ. ಚಹಾ ಆರಿ ಕೆನೆ ಕಟ್ಟಿತು, ನನಗೆ ಎಚ್ಚರವಿಲ್ಲ. ಉಪ್ಪಾಗೆಯ ಸಿಪ್ಪೆಯಲ್ಲಿ ಒಂದು ಆಮ್ಲವಿದೆ. ಮೈಯಲ್ಲಿ ಕೊಬ್ಬು ತಯಾರಾಗುವ ದಾರಿಗೆ ಅದು ಅಡ್ಡಗಾಲು ಹಾಕುತ್ತದೆ ಎಂಬುದು ವಾದ. ಗಾಜಿನ ಕೊಳವೆಯಲ್ಲಿ ಹಾಕುತ್ತದೆ. ಇಲಿಗಳಲ್ಲೂ ಒಂದಿಷ್ಟು ಕೆಲಸ ಕಂಡಿದೆ. ಮನುಷ್ಯರ ಹತ್ತಿರ ಬಂದಾಗ ರಾಗ ಬದಲು. ಕೆಲವು ಸಣ್ಣ ಅಧ್ಯಯನಗಳಲ್ಲಿ ತೂಕ ಚೂರುಪಾರು ಇಳಿದಿತ್ತು. ಇನ್ನಷ್ಟು ಕಟ್ಟುನಿಟ್ಟಾಗಿ ಮಾಡಿದ ಕೆಲವುಗಳಲ್ಲಿ, ಅಸಲಿ ಮಾತ್ರೆ ತಿಂದವರಿಗೂ ಒಳಗೇನೂ ಇಲ್ಲದ ಮಾತ್ರೆ ತಿಂದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಇಂಥ ಮಾತ್ರೆ ನುಂಗಿ ಯಕೃತ್ತು ಕೆಡಿಸಿಕೊಂಡವರ ವರದಿಗಳೂ ಇದ್ದವು. ಅದನ್ನು ಓದಿದ ಮೇಲೆ ನನಗೆ ನಗು ಬರಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ವೈನಿ ರೊಟ್ಟಿ ಬಡಿಯುತ್ತಿರುವಾಗ ಎಲ್ಲ ಒಪ್ಪಿಸಿದೆ.

"ಇಲಿ ಮ್ಯಾಲೆ ಕೆಲಸ ಮಾಡೈತ್ರಿ ವೈನಿ."

"ಇಲಿಗೆ ಯಾಕ ಬೇಕಾಗಿತ್ತು? ಅದರ ಜಾಕೀಟ್ ಹತ್ತಿದ್ದಿಲ್ಲೇನು?"

"ಕೇಳ್ರಿ ಇಲ್ಲೆ. ಮನಷ್ಯಾರಿಗೆ ಕೊಟ್ಟಾಗ, ಅರ್ಧ ಮಂದಿಗೆ ಖರೇ ಗುಳಿಗಿ, ಅರ್ಧ ಮಂದಿಗೆ ಸುಳ್ಳು ಗುಳಿಗಿ. ಯಾರಿಗೆ ಯಾವುದು ಅನ್ನೂದು ತಿಂದವರಿಗೂ ಗೊತ್ತಿಲ್ಲ. ಕಡೀಕ ನೋಡಿದ್ರ, ಸುಳ್ಳು ಗುಳಿಗಿ ತಿಂದವರೂ ಸ್ವಲ್ಪ ಇಳದಿದ್ರು."

ವೈನಿಯ ಕೈ ರೊಟ್ಟಿಯ ಮೇಲೆ ನಿಂತಿತು. "ಸುಳ್ಳು ಗುಳಿಗಿ ತಿಂದವರೂ ಇಳದಾರ?"

"ಹೂಂ ರೀ."

"ಹಂಗಾರ ನನಗ ಆ ಸುಳ್ಳು ಗುಳಿಗೀನ ತರ್ಸವಾ. ಅಗ್ಗ ಇರ್ತೈತಿ."

ವಿಜ್ಞಾನದ ಮುಂದೆ ಇಷ್ಟು ನೇರವಾಗಿ ಯಾರೂ ವ್ಯಾಪಾರಕ್ಕೆ ಕೂತದ್ದನ್ನು ನಾನು ಕಂಡಿರಲಿಲ್ಲ. ನಗುತ್ತಾ ಹಿಟ್ಟಿನ ಡಬ್ಬಿಯನ್ನೇ ಉರುಳಿಸಿದೆ. ಆದರೆ ಯಕೃತ್ತಿನ ವಿಷಯ ಬಿಡಿಸಿ ಹೇಳಿ, ಡಬ್ಬಿಯ ಮಾತ್ರೆ ಮಾತ್ರ ಬೇಡವೇ ಬೇಡ ಎಂದು ಆಣೆ ಹಾಕಿಸಿಕೊಂಡೆ. ವೈನಿ ಆಣೆ ಹಾಕಿದರು. ಹಾಕಿ, ಮಾತ್ರೆ ಬಿಟ್ಟು ಹಣ್ಣು ಹಿಡಿದರು. ಡಬ್ಬಿ ಯಾಕೆ, ನಮ್ಮ ಕಾಡಿನ ಹಣ್ಣನ್ನೇ ತರಿಸಿದರಾಯಿತು ಎಂದರು. ಸಾರಿಗೆ ಒಂದು ತುಂಡು ಸಿಪ್ಪೆ ಹಾಕಿದರೆ ಯಾರಿಗೂ ಏನೂ ಆಗುವುದಿಲ್ಲ, ಆಗಲಿ ಎಂದು ನಾನೂ ಒಪ್ಪಿದೆ.

ಅಣ್ಣನ ಜೊತೆ ಕೆಲಸ ಮಾಡುವವರೊಬ್ಬರ ತಾಯಿ ಜೋಯಿಡಾದ ಒಳಗಿನ ಹಳ್ಳಿಯಲ್ಲಿದ್ದಾರೆ. ಕೊಂಕಣಿ ಮನೆಮಾತು. ನಮಗೆಲ್ಲ ಅವರು ಆಯಿ. ಅವರ ಮನೆಯಲ್ಲಿ ಫೋನಿಗೆ ರೇಂಜ್ ಸಿಗುವುದು ಹಲಸಿನ ಮರದ ಕೆಳಗೆ ಮಾತ್ರ, ಅದೂ ಗಾಳಿಯ ಮರ್ಜಿ. ವೈನಿ ಮಾಳಿಗೆ ಹತ್ತಿ ಕೂಗಿ ಕೂಗಿ ಮಾತಾಡಿದರು. ಪಕ್ಕದಲ್ಲೇ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ವೈನಿಯ ಮಾತು ಒಂದೂ ಬಿಡದೆ ಕೇಳಿಸಿಕೊಂಡೆ, ಒಂದರಲ್ಲೂ ತಪ್ಪು ಕಾಣಲಿಲ್ಲ.

"ಆಯೀ, ಉಪ್ಪಾಗಿ ಸತ್ವ ಬೇಕಾಗಿತ್ರಿ! ಸತ್ವ! ಹೂಂ ರೀ, ನನಗ! ತೂಕದ ಸಲುವಾಗಿ!"

ಮೂರು ನಾಲ್ಕು ದಿನಕ್ಕೆ ಜೋಯಿಡಾ ಬಸ್ಸಿನ ಡ್ರೈವರ್ ಸೀಟಿನ ಹಿಂದೆ ಒಂದು ಬಾಟಲಿ ಬಂದಿಳಿಯಿತು. ಬಾಳೆ ನಾರಿನಿಂದ ಕಟ್ಟಿದ ಮುಚ್ಚಳ, ಒಳಗೆ ತಿಳಿ ಹಳದಿಯ ಗಟ್ಟಿ ವಸ್ತು. ನಾನು ಆಗ ಪರೀಕ್ಷೆಯ ಕೆಲಸಕ್ಕೆಂದು ಹಳಿಯಾಳಕ್ಕೆ ಓಡಾಡುತ್ತಿದ್ದೆ. ಬಾಟಲಿಯನ್ನು ಕಣ್ಣಾರೆ ಕಂಡದ್ದು ಎಷ್ಟೋ ದಿನ ಆದಮೇಲೆ. ಸತ್ವ ಬಂತು ಎಂದು ವೈನಿ ಫೋನಿನಲ್ಲಿ ಸಡಗರಪಟ್ಟರು. ಸಿಪ್ಪೆಯನ್ನು ಕುದಿಸಿ ಗಟ್ಟಿ ಮಾಡಿದ ಹುಳಿ ಇರಬೇಕು, ಅದನ್ನೂ ಮಾಡುತ್ತಾರೆ, ಎಂದುಕೊಂಡು ಸುಮ್ಮನಾದೆ.

ಬಾಟಲಿಯ ಜೊತೆ ಆಯಿಯ ಅಪ್ಪಣೆಗಳೂ ಬಂದಿದ್ದವು. ಬೆಳಿಗ್ಗೆ ಬಿಸಿನೀರಿನಲ್ಲಿ ಒಂದು ಗಡ್ಡೆ. ತಣ್ಣಗಿನದು ಏನನ್ನೂ ಕುಡಿಯಬಾರದು, ಕುಡಿದರೆ ಹೊಟ್ಟೆಯಲ್ಲಿ ಗಟ್ಟಿಯಾಗುತ್ತದೆ. ತಿಂದ ಮೇಲೆ ಕೂರಬಾರದು, ಬೆವರು ಬರುವ ತನಕ ನಡೆಯಬೇಕು. ವೈನಿ ಅದನ್ನೆಲ್ಲ ವ್ರತದ ಹಾಗೆ ಹಿಡಿದರು. ದಿನಾ ಬೆಳಿಗ್ಗೆ ಸೇತುವೆಯ ತನಕ ನಡಿಗೆ. ಕಾಳಿಯ ಕಡೆ ಬಗ್ಗಿ ನೋಡಿ, "ಬರ್ತೇನಿ ತಡಿ" ಎಂದು ಹೇಳಿ ವಾಪಸು. ಫ್ರಿಜ್ಜಿನ ಶರಬತ್ತು ಬಂದ್, ಐಸ್‌ಕ್ರೀಮ್ ಬಂದ್. ಬೆಳಿಗ್ಗೆ ಆ ಗಡ್ಡೆ ಹೊಟ್ಟೆಗೆ ಬಿದ್ದರೆ ಮಧ್ಯಾಹ್ನದ ತನಕ ಹಸಿವೆಯೇ ಇಲ್ಲ ಎಂದು ಚುರುಮುರಿ, ಮಿರ್ಚಿ ಭಜಿ ಎಲ್ಲ ತಾವಾಗಿಯೇ ಬಂದ್.

ತೂಕದ ಯಂತ್ರವನ್ನು ಮಾತ್ರ ಮನೆಯೊಳಗೆ ಬಿಡಲಿಲ್ಲ. "ಕೇಜಿ ಲೆಕ್ಕಾ ಗೋಧಿಗೆ, ನನಗಲ್ಲ" ಎಂದರು. ಅವರ ಅಳತೆಗೋಲು ಅಣ್ಣನ ಹಳೆಯ ಜರ್ಕಿನ್. ಭಾನುವಾರ ಅದನ್ನು ತೊಟ್ಟು, ನಡುಮನೆಯಲ್ಲಿ ನಿಂತು, ಅಣ್ಣನನ್ನು ಕರೆದು ಜಿಪ್ ಎಳೆಸುವುದು. ಮೊದಲ ಸಲ ಜಿಪ್ ಹೊಟ್ಟೆಯ ಕೆಳಗೇ ಮುನಿದು ಕೂತಿತ್ತು. ಆಮೇಲಾಮೇಲೆ ಒಂದಿಷ್ಟು ಮೇಲೆ, ಮತ್ತೊಂದಿಷ್ಟು ಮೇಲೆ. ಜಿಪ್ ಏರಿದಂತೆಲ್ಲ ವೈನಿಯ ದನಿಯೂ ಏರುತ್ತಿತ್ತು. ಪಕ್ಕದ ಮನೆಯವರಿಗೂ ನಮ್ಮ ಜಿಪ್ಪಿನ ಸಮಾಚಾರ ಬಾಯಿಪಾಠವಾಯಿತು. ಇತ್ತ ನನ್ನ ಓದು ಸುಳ್ಳಾಯಿತಲ್ಲ ಎಂದು ನನಗೆ ಒಳಗೊಳಗೇ ಕಿರಿಕಿರಿ. ಇಲಿಗಳಿಗೆ ಮಾತ್ರ ಒಲಿದ ಹಣ್ಣು ನಮ್ಮ ವೈನಿಗೆ ಹೇಗೆ ಒಲಿಯಿತು?

ಪರೀಕ್ಷೆಗಳ ಗದ್ದಲ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಜಿಪ್ ನೋಡಲೆಂದೇ ಹೋದೆ. ಅಡುಗೆಕಟ್ಟೆಯ ಮೇಲೆ ವೈನಿಯ ಸ್ಟೀಲ್ ಲೋಟ. ಒಳಗೆ ಬಿಸಿನೀರು, ಅದರ ಮೇಲೆ ಒಂದು ಗಡ್ಡೆ ರಾಜನ ಹಾಗೆ ತೇಲುತ್ತಿತ್ತು. ನೋಡುತ್ತಿದ್ದಂತೆ ಅಂಚು ಕರಗಿ, ನೀರಿನ ಮೇಲೆ ಚಿನ್ನದ ಬಣ್ಣದ ಉಂಗುರಗಳು ಬಿಚ್ಚಿಕೊಂಡವು. ಹುಳಿ ನೀರಿನಲ್ಲಿ ಬೆರೆಯಬೇಕು. ಇದು ಬೆರೆಯುವ ಮಾತೇ ಇಲ್ಲ. ಬೆರಳದ್ದಿ ತಿಕ್ಕಿದೆ. ಜಾರಿತು.

"ವೈನಿ, ಇದು ಏನ್ರಿ?"

"ಸತ್ವ."

"ಅಣ್ಣಾ, ಇದು ಏನು?"

ಅಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ. "ಭಾಳ ಛೊಲೊ ಐತಿ ಅದು. ಹಿಮ್ಮಡಿ ಒಡದಿತ್ತಲ್ಲ ನಂದು, ದಿನಾ ಹಚ್ಚಿ ಹಚ್ಚಿ ಮೆತ್ತಗ ಆಗೈತಿ ನೋಡು."

ನಾನು ಮಾಳಿಗೆಗೆ ಓಡಿದೆ. ಆಯಿ ಫೋನು ಎತ್ತುವ ತನಕ ಮತ್ತೆ ಮತ್ತೆ ಹಚ್ಚಿದೆ.

"ಆಯಿ, ನಮ್ಮ ವೈನಿಗೆ ಏನ್ ಕಳಿಸಿದ್ರಿ?"

"ಉಪ್ಪಾಗೆ ತುಪ್ಪ ಕಳ್ಸಿದೆ ಮಗಳೇ. ಬೀಜ ಕುಟ್ಟಿ, ಕುದಿಸಿ, ಮೇಲೆ ಬಂದದ್ದು ತೆಗೆದು, ನಾನೇ ಮಾಡಿದ್ದು. ಸತ್ವ ಕೇಳಿದ್ಲು ಅಲ್ಲ? ಹಾಲಿನ ಸತ್ವ ತುಪ್ಪ, ಉಪ್ಪಾಗೆ ಸತ್ವನೂ ತುಪ್ಪ. ಸಿಪ್ಪೆಯಲ್ಲಿ ಏನುಂಟು, ಬರೀ ಹುಳಿ." ಗಾಳಿ ಬೀಸಿ ದನಿ ಹೋಯಿತು, ಮತ್ತೆ ಬಂತು. "ತೂಕದ ಸಲುವಾಗಿ ಅಂದ್ಲು. ಪಾಪ, ಎಷ್ಟು ಸೊರಗಿದಾಳೋ ಅಂದ್ಕೊಂಡೆ. ಈಗ ಮೈ ಸ್ವಲ್ಪ ತುಂಬ್ತಾ?"

ನಾನು ಮಾಳಿಗೆಯ ಮೇಲೆಯೇ ಕೂತುಬಿಟ್ಟೆ. ನಕ್ಕೆ, ನಿಲ್ಲಿಸಿದೆ, ಮತ್ತೆ ನಕ್ಕೆ, ಬಿಕ್ಕಳಿಕೆ ಹತ್ತಿತು. ತೂಕ ಇಳಿಸಲು ಹೊರಟ ನಮ್ಮ ವೈನಿ ಇಷ್ಟು ದಿನ ಬೆಳಿಗ್ಗೆದ್ದು ಖಾಲಿ ಹೊಟ್ಟೆಯಲ್ಲಿ ಅಪ್ಪಟ ಕೊಬ್ಬು ನುಂಗಿದ್ದರು. ಅದೂ ಭಕ್ತಿಯಿಂದ! ಜಿಪ್ ಏರಿದ್ದೂ ನಿಜ! ಲೋಕದ ಯಾವ ಪ್ರಯೋಗಾಲಯಕ್ಕೂ ಈ ಫಲಿತಾಂಶ ಸಿಕ್ಕಿರಲಾರದು.

ಆದರೆ ಮೆಟ್ಟಿಲು ಇಳಿಯುವಾಗ ಕಾಲು ನಿಧಾನವಾಯಿತು. ಇದನ್ನು ಹೇಳಿದರೆ ವೈನಿ ಕುಸಿದು ಹೋದರೆ? ನಡಿಗೆಯನ್ನೂ ಬಿಟ್ಟು, ನದಿಯನ್ನೂ ಬಿಟ್ಟು, ಮತ್ತೆ ಆವತ್ತು ಜೀಪಿನಲ್ಲಿ ಕಂಡ ಮುಖ ಹೊತ್ತು ಕೂತರೆ? ಆ ಮುಖವನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗಿರಲಿಲ್ಲ. ಮುಚ್ಚಿಡೋಣವೆಂದರೆ ನನ್ನ ಬಿಕ್ಕಳಿಕೆ ಬಿಡಬೇಕಲ್ಲ. ವೈನಿ ನೀರು ಕೊಟ್ಟು, ಏನಾಯಿತು ಹೇಳು ಎಂದು ಗದರಿದರು. ಹೇಳಿಬಿಟ್ಟೆ.

ವೈನಿ ಲೋಟವನ್ನು ನೋಡಿದರು. ಬಾಟಲಿಯನ್ನು ನೋಡಿದರು. ತಳದಲ್ಲಿ ಇನ್ನೊಂದಿಷ್ಟೇ ಉಳಿದಿತ್ತು. ಆಮೇಲೆ ಗಂಡನ ಹಿಮ್ಮಡಿ ನೋಡಿದರು.

"ಅಂದ್ರ ಇಷ್ಟ್ ದಿನಾ ನಾ ಹೊಟ್ಟಿಗೆ ಹಾಕ್ಕೊಂಡಿದ್ದು, ಇವರು ಕಾಲಿಗೆ ಹಚ್ಕೊಂಡಿದ್ದು, ಎರಡೂ ಒಂದ?"

"ಒಂದ ರೀ."

"ತುಪ್ಪ?"

"ತುಪ್ಪ ರೀ ವೈನಿ."

ವೈನಿಯ ಭುಜ ಅಲುಗಿತು. ಅಳುತ್ತಿದ್ದಾರೆ ಎಂದು ನಾನು ಹತ್ತಿರ ಹೋದೆ. ಅಳುವಲ್ಲ, ನಗು. ಕಟ್ಟೆ ಹಿಡಿದುಕೊಂಡು, ಕಣ್ಣೀರು ಒರೆಸಿಕೊಂಡು, ಜರ್ಕಿನ್ನಿನ ಜಿಪ್ ಪಟ್ಟನೆ ಬಿಡುವ ಹಾಗೆ ನಕ್ಕರು. "ಹಂಗಾರ ಇಳದಿದ್ದು ಹೆಂಗ? ಹೇಳ್ರಿ ಅಕ್ಕೋರ, ನಿಮ್ಮ ವಿಜ್ಞಾನ ಏನ್ ಅಂತೈತಿ?"

ನಾನು ಗಂಟಲು ಸರಿ ಮಾಡಿಕೊಂಡು ಪಾಠಕ್ಕೆ ನಿಂತೆ. ನಡೆದಿರಿ, ಶರಬತ್ತು ಬಿಟ್ಟಿರಿ, ಭಜಿ ಬಿಟ್ಟಿರಿ, ಇಳಿಯುತ್ತದೆ ಅಂತ ನಂಬಿದಿರಿ. ಒಂದೇ ಸಲ ನಾಲ್ಕು ಬದಲಾದರೆ ಯಾವುದರಿಂದ ಏನಾಯಿತು ಎಂದು ಹೇಳಲಾಗುವುದಿಲ್ಲ. ತಿಳಿಯಬೇಕೆಂದರೆ ಮಿಕ್ಕದ್ದನ್ನೆಲ್ಲ ಹಾಗೇ ಇಟ್ಟು ತುಪ್ಪ ಒಂದನ್ನೇ ಬಿಟ್ಟು ನೋಡಬೇಕು, ಎಂದೆ.

"ತುಪ್ಪ ಬಿಡೂದಿಲ್ಲ" ಎಂದರು ವೈನಿ. "ದೋಸಿ ಮ್ಯಾಲೆ ಹಾಕ್ತೇನಿ." ಮರುದಿನ ಬೆಳಿಗ್ಗೆ ನಾನು ಓಣಿಯಲ್ಲಿ ಕಾದು ನಿಂತಿದ್ದೆ. ವೈನಿ ಎಂದಿನಂತೆ ಸೇತುವೆಯ ಕಡೆ ಹೊರಟರು. ನನಗೆ ಎಷ್ಟು ಖುಷಿಯಾಯಿತೆಂದರೆ, ಚಪ್ಪಲಿ ಮೆಟ್ಟಿ ನಾನೂ ಹಿಂದೆ ಓಡಿದೆ.

ಮೇ ತಿಂಗಳ ಕೊನೆಗೆ ಸಂಜೆ ಸಂಜೆ ಗುಡುಗತೊಡಗಿತು. ಇನ್ನು ತಡ ಮಾಡುವಂತಿರಲಿಲ್ಲ. ಅಣ್ಣ, ವೈನಿ, ನಾನು ಮೂವರೇ ಗಣೇಶಗುಡಿಗೆ ಹೋದೆವು. ಮೋಡ ನೋಡಿದರೆ ಭಯ, ಜಾಕೆಟ್ ನೇತುಹಾಕಿದ್ದ ಹಗ್ಗ ನೋಡಿದರೆ ಇನ್ನೂ ಭಯ. ವೈನಿ ಅದೇ ಹಸಿರು ಚೂಡಿದಾರ ತೊಟ್ಟು, ಬಾಯಿಯಲ್ಲಿ ಏನೋ ಮಣಮಣ ಅನ್ನುತ್ತಾ ನಿಂತರು.

ಈ ಸಲ ಬಂದವನು ಬೇರೆ ಗೈಡ್, ಮೀಸೆ ನರೆತ ಗಟ್ಟಿ ಆಳು. ಜಾಕೆಟ್ ತೊಡಿಸಿ ಬಕಲ್ ಎಳೆದ. ಹತ್ತಲಿಲ್ಲ.

ನಾನು ವೈನಿಯ ಮುಖ ನೋಡಲಾರದೆ ನದಿಯ ಕಡೆ ತಿರುಗಿದೆ.

"ನಿಂದರ್ರಿ ಅಕ್ಕಾರ, ಬಗಲಾಗಿನ ಪಟ್ಟಿ ಬಿಗಿ ಐತಿ" ಎಂದ ಗೈಡ್. ಎರಡೂ ಪಕ್ಕದಲ್ಲಿ ಕೈಹಾಕಿ ಏನನ್ನೋ ಸರ್‍ರನೆ ಎಳೆದ. ಜಾಕೆಟ್ ಉಸಿರು ಬಿಟ್ಟಂತೆ ಅಗಲವಾಯಿತು. ಬಕಲ್ ಟಕ್ ಎಂದಿತು. ಟಕ್, ಟಕ್. ಮೂರೂ!

ನಾನೂ ಅಣ್ಣನೂ ಮುಖ ಮುಖ ನೋಡಿಕೊಂಡೆವು. ಪಕ್ಕದ ಪಟ್ಟಿ! ಶಿವರಾತ್ರಿಯ ಹೊತ್ತಿಗೂ ಇದು ಇತ್ತೇನು? ಆವತ್ತೇ ಯಾರಾದರೂ ಇದನ್ನು ಸಡಿಲಿಸಿದ್ದರೆ ತುಪ್ಪವಿಲ್ಲ, ಇಲಿಯಿಲ್ಲ, ಜರ್ಕಿನ್ನಿಲ್ಲ. ಕೇಳಲೆಂದು ನಾನು ಬಾಯಿ ತೆರೆದೆ.

ವೈನಿ ಬೆರಳೆತ್ತಿದರು. "ಸುಮ್ಮಿರವಾ. ನನ್ನ ತುಪ್ಪದ ಮರ್ಯಾದಿ ತಗೀಬ್ಯಾಡ."

ಅಣ್ಣ ಜಾಕೆಟ್ ತೆಗೆದುಕೊಳ್ಳಲಿಲ್ಲ. ನಮ್ಮ ಚಪ್ಪಲಿ, ಮೊಬೈಲು, ಕನ್ನಡಕ ಎಲ್ಲ ಚೀಲಕ್ಕೆ ಹಾಕಿಕೊಂಡು ಹೆಗಲಿಗೇರಿಸಿದ. "ಹೋಗಿ ಬರ್ರಿ ಇಬ್ಬರೂ. ಈ ಸಲ ನಾ ಕಾಯ್ತೇನಿ" ಎಂದ. ವೈನಿ ಅವನನ್ನು ನೋಡಿದರು. ಆ ನೋಟ ನನ್ನದಲ್ಲ ಎಂದು ನಾನು ಹೆಲ್ಮೆಟ್ಟಿನ ಪಟ್ಟಿ ಹುಡುಕುವ ನೆಪ ಮಾಡಿದೆ.

ಬೋಟು ಮೊದಲ ಸೆಳವಿಗೆ ಬಿದ್ದಾಗ ವೈನಿ ಹಾಕಿದ ಕೂಗಿಗೆ ದಡದ ಕೊಕ್ಕರೆಗಳು ಎದ್ದವು. ಎರಡನೆಯದರಲ್ಲಿ ಗೈಡ್ ಹುಟ್ಟು ಹಾಕಿ ಎನ್ನುವ ಮೊದಲೇ ಅವರು ಹುಟ್ಟು ಹಾಕಿದ್ದರು. ನೀರು ಮುಖಕ್ಕೆ ರಾಚಿದಾಗಲೆಲ್ಲ "ಇನ್ನೊಂದ್, ಇನ್ನೊಂದ್!" ಎಂದರು. ಸೆಳವು ಮುಗಿದು ನೀರು ಶಾಂತವಾದ ಕಡೆ, ಬೇಕಾದವರು ಹಗ್ಗ ಹಿಡಿದು ಇಳಿಯಬಹುದು ಎಂದ ಗೈಡ್. ನಾನು ಯೋಚಿಸುತ್ತಾ ಕೂತಿದ್ದೆ. ಪಕ್ಕದಲ್ಲಿ ದೊಡ್ಡ ಸದ್ದಾಯಿತು, ಬೋಟು ತೊನೆಯಿತು, ವೈನಿಯ ಜಾಗ ಖಾಲಿ.

ನಾನೂ ಹಿಂದೆಯೇ ಇಳಿದೆ. ನನ್ನ ಜಾಕೆಟ್ ಸಡಿಲವಾಗಿ ಕಿವಿಯ ತನಕ ಏರಿತು. ಕೈಕಾಲು ಬಡಿಯುತ್ತಾ ನೀರು ಕುಡಿಯುತ್ತಿದ್ದೆ. ವೈನಿ ಮಾತ್ರ ಅಂಗಾತ ಮಲಗಿ, ಎರಡೂ ಕೈ ಚಾಚಿ, ಮೋಡ ನೋಡುತ್ತಾ, ತಮ್ಮದೇ ಮಂಚದ ಮೇಲೆ ಇರುವಷ್ಟು ನಿರಾಳವಾಗಿ ತೇಲುತ್ತಿದ್ದರು. ಹಸಿರು ಚೂಡಿದಾರ ನೀರಿನಲ್ಲಿ ಬಿಚ್ಚಿ ಹರಡಿತ್ತು.

"ಏ ಅಕ್ಕೋರ!" ಎಂದು ಕೂಗಿದರು. "ತುಪ್ಪ ಮುಳುಗೂದಿಲ್ಲ ನೋಡ್ರಿ!"

ಆ ಒಂದು ಮಾತಿಗೆ ಮಾತ್ರ ನನ್ನ ಹತ್ತಿರ ಪುರಾವೆ ಇತ್ತು, ಅವರ ಸ್ಟೀಲ್ ಲೋಟದಲ್ಲಿ ಕಣ್ಣಾರೆ ಕಂಡಿದ್ದೆ.

ಕೆಳಗಿನ ದಡದಲ್ಲಿ ಅಣ್ಣ ಚೀಲ ಹಿಡಿದು, ಪ್ಯಾಂಟು ಮಡಚಿ, ಮೊಣಕಾಲಿನ ತನಕ ನೀರಿಗಿಳಿದು ನಿಂತಿದ್ದ. ವಾಪಸು ಬರುವಾಗ ಜೀಪಿನಲ್ಲಿ ದಾಂಡೇಲಿಯ ತನಕ ವೈನಿ ಬಾಯಿ ಮುಚ್ಚಲಿಲ್ಲ. ಅವರ ಚೂಡಿದಾರದ ನೀರು ಸೀಟಿನುದ್ದಕ್ಕೂ ಹರಿದು ಬಂದು ನನ್ನನ್ನೂ ಅಣ್ಣನನ್ನೂ ತೋಯಿಸಿತು. ಇಬ್ಬರೂ ಸರಿದು ಕೂರಲಿಲ್ಲ.